ಕಣಕುಂಬಿ ದಾರಿಯ ಮೂರು ತಿರುವು

ಇಂಟರ್ನೆಟ್ ಅನ್ನೋದು ಬೆಳಗಾವಿಯಲ್ಲಿ ಇನ್ನೂ ಗಂಟೆಯ ಲೆಕ್ಕದಲ್ಲಿ ಸಿಗುತ್ತಿದ್ದ ಕಾಲದಲ್ಲಿ ನಾನೂ ನನ್ನ ಗೆಳತಿಯೂ ಸೇರಿ ಒಂದು ರಸ್ತೆ ಮಾಡಿದೆವು. ಡಾಂಬರಿನ ರಸ್ತೆಯಲ್ಲ, ಕಾರು ಓಡಿಸುವ ಕಂಪ್ಯೂಟರ್ ಆಟದೊಳಗಿನ ರಸ್ತೆ. ಆ ಆಟದಲ್ಲಿ ಆಡುವವರೇ ರಸ್ತೆಯ ತುಂಡು, ಏರು, ಸೇತುವೆ, ಗಿಡಗಳನ್ನು ಒಂದಕ್ಕೊಂದು ಜೋಡಿಸಿ ತಮ್ಮದೇ ಓಟದ ದಾರಿ ಕಟ್ಟಬಹುದಿತ್ತು. ಕಟ್ಟಿದ್ದನ್ನು ನೆಟ್‌ಗೆ ಏರಿಸಿದರೆ ಯಾವ ದೇಶದವರು ಬೇಕಾದರೂ ಅದರ ಮೇಲೆ ಓಡಿಸಬಹುದು. ಟಿಳಕವಾಡಿಯ ಸೈಬರ್ ಕೆಫೆಯ ಮೂಲೆಯಲ್ಲಿ ಇಬ್ಬರು ಕಾಲೇಜು ಹುಡುಗಿಯರು ಕೂತು ಕಾರಿನ ಆಟ ಆಡುವುದು ಅಲ್ಲಿನ ಹುಡುಗರಿಗೆ ನಗೆಪಾಟಲಿನ ವಿಷಯವಾಗಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಿಂತಿರುಗಿ ಒಮ್ಮೆ ದುರುಗುಟ್ಟಿ ನೋಡಿದರೆ ಸುಮ್ಮನಾಗುತ್ತಿದ್ದರು.

ನಮ್ಮ ದಾರಿ ಖಾನಾಪುರದಿಂದ ಕಣಕುಂಬಿಗೆ ಹೋಗುವ ಬಸ್ಸಿನ ದಾರಿ. ನನ್ನ ಮನೆ ಖಾನಾಪುರ, ಅಪ್ಪ ಆ ದಾರಿಯ ಬಸ್ಸಿನಲ್ಲೇ ಕಂಡಕ್ಟರ್. ಗೆಳತಿಯ ಅಜ್ಜಿಯ, ಅವಳ ಬಾಯಲ್ಲಿ ಆಜಿಯ, ಮನೆ ಕಣಕುಂಬಿಯ ಹತ್ತಿರ ಕಾಡಿನಂಚಿನಲ್ಲಿ. ಊರು, ಹೊಲ, ನಡುವೆ ಸಿಗುವ ಜಾಂಬೋಟಿಯವರೆಗಿನ ರಸ್ತೆಯನ್ನು ನಾನು ಸರಸರ ಜೋಡಿಸಿದೆ. ಕೊನೆಯ ಮೂರು ತಿರುವುಗಳನ್ನು ಅವಳು ಯಾರಿಗೂ ಮುಟ್ಟಗೊಡಲಿಲ್ಲ. ಒಂದು ಗಿಡ ಇಟ್ಟು, ತೆಗೆದು, ಮತ್ತೆ ಇಡುವಳು. ಆ ತಿರುವುಗಳು ಆಳದ ಕಣಿವೆಯೊಂದಕ್ಕೆ ಇಳಿದು ಹೋಗುತ್ತಿದ್ದವು. ನಿಜವಾದ ದಾರಿಯಲ್ಲಿ ಕಣಿವೆ ಅಷ್ಟು ಆಳವಿಲ್ಲ. ಚಂದ ಕಾಣಲಿ ಎಂದು ಆಟದಲ್ಲಿ ಇಬ್ಬರೂ ಸೇರಿ ಗುಡ್ಡವನ್ನು ಎತ್ತರಿಸಿದ್ದೆವು.

ದಾರಿಯಲ್ಲಿ ಅಲ್ಲಲ್ಲಿ ಗೇಟು ಇಡಬೇಕಿತ್ತು. ಓಡಿಸುವವರು ಅವನ್ನೆಲ್ಲ ದಾಟಿದರೆ ಮಾತ್ರ ಆಟ ಅವರ ಓಟವನ್ನು ಒಪ್ಪುತ್ತದೆ.

"ತಿರುವಿನ್ಯಾಗ ಒಂದು ಗೇಟ್ ಹಾಕೂಣೇನು?" ಎಂದು ನಾನು ಕೇಳಿದ್ದೆ.

"ಯಾಕ? ಘಾಟಿನ್ಯಾಗ ದಾರಿ ಬಿಟ್ಟು ಯಾರ್ ಹೋಗ್ತಾರ?" ಎಂದಳು.

ಹೌದಲ್ಲ ಎನ್ನಿಸಿತು. ಹುಟ್ಟಿದಾಗಿನಿಂದ ಆ ಬಸ್ಸಿನಲ್ಲಿ ಕಿಟಕಿ ಸರಳು ಬಿಗಿಹಿಡಿದು ಕೂತವರು ನಾವು. ಬೇಕಂತಲೇ ಕಣಿವೆಗೆ ಹಾರುವವರು ಇರುತ್ತಾರೆಂದು ನಮಗೆ ಹೊಳೆಯಲೂ ಇಲ್ಲ.

ಇನ್ನೊಂದು ನಿಯಮವಿತ್ತು. ದಾರಿ ಕಟ್ಟಿದವರು ಮೊದಲಿನಿಂದ ಕೊನೆಯವರೆಗೆ ತಾವೇ ಒಮ್ಮೆ ಓಡಿಸಿ ಮುಗಿಸಬೇಕು. ಮುಗಿಸುವ ತನಕ ಆಟ ಅದನ್ನು ನೆಟ್‌ಗೆ ಏರಿಸಲು ಬಿಡುವುದಿಲ್ಲ. ನಮ್ಮಿಬ್ಬರಿಗೂ ಅದೇ ಆಗಿರಲಿಲ್ಲ. ಪ್ರತಿ ಸಲ ಅವಳ ತಿರುವುಗಳಲ್ಲಿ ಕಾರು ಮುಗ್ಗರಿಸುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ನಾವು ಹೋಗಿ ಕೂರುವಷ್ಟರಲ್ಲೇ ಕೆಫೆಯ ಮಾಲಕರು ಬಂದು ನಿಂತರು.

"ನೋಡ್ರಿ ತಂಗಿ, ಇವತ್ತ ಎಲ್ಲಾ ಆಟ ತಗಸ್ತೀನಿ. ನೌಕರಿ ಫಾರ್ಮ್ ತುಂಬಾಕ ಬಂದವರು ಈ ಗದ್ದಲಕ್ಕ ಹೊಳ್ಳಿ ಹೋಗಾಕತ್ತಾರ. ಐದಕ್ಕ ಮಶೀನ್ ಸ್ವಚ್ಛ ಮಾಡಾಕ ಮಂದಿ ಬರ್ತಾರ. ಅಲ್ಲೀತನಕ ಏನ್ ಮಾಡ್ಕೋತೀರಿ ಮಾಡ್ಕೋರಿ."

ವೈರಸ್ ಬರುತ್ತದೆಂದು ಅವರು ಎಲ್ಲ ಫ್ಲಾಪಿ ಡ್ರೈವುಗಳಿಗೂ ಟೇಪು ಅಂಟಿಸಿದ್ದರು. ದಾರಿಯನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಐದರೊಳಗೆ ಓಡಿಸಿ ಮುಗಿಸಿ ನೆಟ್‌ಗೆ ಏರಿಸಿದರೆ ಉಳಿಯಿತು, ಇಲ್ಲವಾದರೆ ಮಳೆಗಾಲವಿಡೀ ಕೂತು ಮಾಡಿದ್ದು ನೀರಿನಲ್ಲಿ ಹೋಮ.

ಕೀಲಿಮಣೆ ನಾನು ಹಿಡಿದೆ. ಗಿಡಗಳ ಮರೆಯಲ್ಲಿ ತಿರುವು ಕಾಣುತ್ತಿರಲಿಲ್ಲವಾದ್ದರಿಂದ ಬಾಯಿಪಾಠವಿದ್ದ ಅವಳು ಪಕ್ಕದಲ್ಲಿ ಕೂತು ಎಡಕ್ಕ, ಬಲಕ್ಕ ಎಂದು ಹೇಳುತ್ತಾ ಹೋಗಬೇಕು ಎಂದು ಮಾತಾಯಿತು. ಮೊದಲ ಓಟ ಜಾಂಬೋಟಿಯಲ್ಲೇ ಕೆಟ್ಟಿತು. ಆಮೇಲಿನದು ಮೊದಲ ತಿರುವಿನಲ್ಲಿ. ಇನ್ನೊಂದರಲ್ಲಿ ಕೊನೆಯ ತಿರುವಿನವರೆಗೂ ಹೋಗಿ ಕಾರು ಅಂಗಾತ ಬಿತ್ತು. "ನೀ ಲಗೂನ ಹೇಳಂಗಿಲ್ಲ," ಎಂದು ಅವಳ ಮೇಲೆ ರೇಗಿದೆ. "ನೀ ಕೇಳಂಗಿಲ್ಲ," ಎಂದಳು ಅವಳು. ಕೈ ಬೆವರಿ ಕೀಲಿಗಳು ಜಾರುತ್ತಿದ್ದವು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತು ಯುಪಿಎಸ್ ಕುಂಯ್‌ಗುಡತೊಡಗಿತು. ಎಷ್ಟು ಹೊತ್ತು ತಾಳುತ್ತದೋ ಯಾರಿಗೂ ಖಾತ್ರಿಯಿಲ್ಲ. ಮಾಲಕರು ಕೌಂಟರಿನಿಂದಲೇ "ಬಂದ್ ಮಾಡ್ರಿ, ಬಂದ್ ಮಾಡ್ರಿ," ಎಂದು ಕೂಗುತ್ತಿದ್ದರು. ನಾನು ಕೇಳಿಸದವಳಂತೆ ಮತ್ತೆ ಖಾನಾಪುರದಿಂದ ಹೊರಟೆ.

ಆ ಸಲ ಕಾರು ಹೇಳಿದಂತೆ ಕೇಳಿತು. ಜಾಂಬೋಟಿ ದಾಟಿತು, ಕೊನೆಯ ಗೇಟು ದಾಟಿತು, ಕಾಡು ಬಂತು. ಕುಂಯ್‌ಗುಡುವ ಸದ್ದು ಬಿರುಸಾಯಿತು. ಮೊದಲ ತಿರುವು ಬಲಕ್ಕೆ. ಗೆಳತಿ ಗಾಬರಿಯಲ್ಲಿ ಬಲಕ್ಕ ಎನ್ನುವುದನ್ನು ಬಿಟ್ಟು "ರೈಟ್, ರೈಟ್" ಎಂದುಬಿಟ್ಟಳು.

ಅವಳ ಮಟ್ಟಿಗೆ ಅದು ಬಲಕ್ಕೆ ತಿರುಗು ಎಂದೇ. ಆದರೆ ನಾನು ಕಂಡಕ್ಟರನ ಮಗಳು. ಬಸ್ಸಿನಲ್ಲಿ ರೈಟ್ ಎಂದರೆ ಬಿಡು, ನಡಿ, ಮುಂದೆ ಹೋಗು. ಮಾತು ಬರುವ ಮೊದಲೇ ಅಪ್ಪನ ಬಾಯಲ್ಲಿ ಕೇಳಿದ ಶಬ್ದ ಅದು. ತಲೆ ಯೋಚಿಸುವುದರೊಳಗೆ ಬೆರಳು ಕಾರನ್ನು ಮುಂದಕ್ಕೆ ಓಡಿಸುವ ಕೀಲಿಯನ್ನು ಒತ್ತಿ ಹಿಡಿದಿತ್ತು. ಕಾರು ರಸ್ತೆಯ ಅಂಚು ಬಿಟ್ಟು ಕಣಿವೆಯ ಮೇಲೆ ಹಾರಿತು. ಗೆಳತಿ ಕಣ್ಣು ಮುಚ್ಚಿಕೊಂಡಳು. ಅದು ಮರಗಳ ನೆತ್ತಿಯ ಮೇಲೆ ಹಾಯ್ದು, ಮೂರೂ ತಿರುವುಗಳ ಆಚೆ, ಕಣಕುಂಬಿಯ ನೇರ ರಸ್ತೆಯಲ್ಲಿ ನಾಲ್ಕೂ ಗಾಲಿಯ ಮೇಲೆ ಬಿದ್ದು, ಓಡಿ, ಗೆರೆ ಮುಟ್ಟಿತು.

ಓಟ ಸರಿಯಾಗಿದೆ, ಇದನ್ನೇ ಏರಿಸಲೇ ಎಂದು ಆಟ ಕೇಳಿತು.

ನನಗೆ ಖುಷಿಯೇ ಆಗಲಿಲ್ಲ. ದಾರಿ ಕಟ್ಟಿದವರ ಓಟವೂ ದಾರಿಯ ಜೊತೆಗೇ ಹೋಗುತ್ತದೆ. ಓಡಿಸುವವರ ಮುಂದೆ ಅದು ನೆರಳು ಕಾರಾಗಿ ಓಡಿ ತೋರಿಸುತ್ತದೆ.

"ಇದನ್ನ ಕಳಿಸಿದ್ರ ಎಲ್ಲಾರೂ ಜಿಗದ ಹೋಗ್ತಾರ," ಎಂದೆ. "ನಿನ್ನ ತಿರುವಿನ್ಯಾಗ ಯಾರೂ ಬರಂಗಿಲ್ಲ."

ಅವಳು ಪರದೆಯನ್ನೇ ನೋಡುತ್ತಿದ್ದಳು. ನಡುವಿನ ತಿರುವಿನಲ್ಲಿ ಅವಳು ರಸ್ತೆಯನ್ನು ತುಸು ಅಗಲ ಮಾಡಿದ್ದಳು. ನಿಜವಾದ ದಾರಿಯಲ್ಲಿ ಆಜಿಯ ಮನೆ ಇದ್ದದ್ದು ಆ ತಿರುವಿನಲ್ಲೇ. ಅಲ್ಲಿ ಸ್ಟಾಪಿಲ್ಲ. ಆದರೆ ಆಜಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರೆ ಬಸ್ಸು ನಿಲ್ಲುತ್ತಿತ್ತು. ಆಜಿ ತೀರಿಹೋಗಿ ಆ ಹೊತ್ತಿಗೆ ವರ್ಷವಾಗಿತ್ತು.

"ಗೊತ್ತೈತಿ," ಎಂದಳು. "ಕಳಸು."

ನನ್ನ ಕೈ ಏಳಲಿಲ್ಲ. ಕೊನೆಗೆ ಅವಳೇ ಮೌಸ್ ಹಿಡಿದು ಒತ್ತಿದಳು. ದಾರಿ ಹೋಯಿತು.

ಕರೆಂಟು ಬಂತು, ಮಶೀನ್ ಅಳಿಸುವವರೂ ಬಂದರು. ಬಾಗಿಲ ಕಡೆಯಿಂದ ಶುರು ಮಾಡಿದ್ದರಿಂದ ಮೂಲೆಗೆ ಬರಲು ಹೊತ್ತಿತ್ತು. ನಾವು ಏಳದೆ, ನಮ್ಮ ದಾರಿಗೆ ಬಂದವರ ಪಟ್ಟಿ ನೋಡುತ್ತ ಕೂತೆವು. ಹೆಸರು ಒತ್ತಿದರೆ ಅವರ ಓಟ ನಮ್ಮ ಪರದೆಯ ಮೇಲೆ ಕಾಣುತ್ತಿತ್ತು. ಓದಲು ಬಾರದ ಲಿಪಿಯ ಹೆಸರಿನವನೊಬ್ಬ ನಮ್ಮ ದಾರಿಗೆ ಬಂದ. ನಮ್ಮ ನೆರಳು ಕಾರನ್ನು ಹಿಂದೆ ಹಾಕಿ ಹೊಲ ದಾಟಿದ, ಜಾಂಬೋಟಿ ದಾಟಿದ. ಗುರುತಿಲ್ಲದ ದಾರಿಯಾದ್ದರಿಂದ ಅಂಚಿನಲ್ಲಿ ಬ್ರೇಕು ಹಾಕಿ ಮೆಲ್ಲಗೆ ಬಲಕ್ಕೆ ತಿರುಗಿದ. ನಡುವಿನ ತಿರುವಿಗೆ ಅವನು ಬಂದಾಗ ನಮ್ಮ ನೆರಳು ಕಾರು ಅವನ ತಲೆಯ ಮೇಲಿಂದ ಹಾರಿ ಹೋಯಿತು. ಅವನು ಗಕ್ಕನೆ ನಿಂತ. ತುಸು ಹೊತ್ತು ನಿಂತೇ ಇದ್ದ. ಆಮೇಲೆ ಓಟ ಬಿಟ್ಟು, ಮತ್ತೆ ಖಾನಾಪುರದಿಂದ ಹೊರಟು, ಬ್ರೇಕು ಹಾಕದೆ ಬಂದು ಜಿಗಿದ.

ನನಗೆ ಅಳು ಬಂತು. ಅವಳು ನನ್ನ ತೋಳು ಹಿಡಿದಳು.

"ನಿಂತಿದ್ದ ನೋಡಿದಿ?" ಎಂದಳು. "ಆಜಿ ಮನಿ ಮುಂದ ನಿಂತಿದ್ದ."