ಯಾರೂ ಮುಟ್ಟದೆ ತೆರೆದ ಬಾಗಿಲು

ಮಧ್ಯಾಹ್ನ ಮಗಳಿಗೆ ಊಟ ಮಾಡಿಸುತ್ತಿದ್ದಾಗ, ಫಳ್ನೀರಿನ ನಮ್ಮ ಫ್ಲ್ಯಾಟಿನ ಮುಂಬಾಗಿಲ ರಿಮೋಟ್ ಬೀಗ 'ಟಕ್' ಎಂದು ತಾನಾಗಿಯೇ ತೆರೆದುಕೊಂಡಿತು. ರಿಮೋಟ್ ನನ್ನೆದುರು ಮೇಜಿನ ಮೇಲೆಯೇ ಇತ್ತು. ಓಡಿಹೋಗಿ ಬೀಗ ಹಾಕಿದೆ. ಮತ್ತೆ 'ಟಕ್'. ಗಂಡ ದುಬೈಯಲ್ಲಿ, ಮನೆಯಲ್ಲಿ ನಾವಿಬ್ಬರೇ. ಇನ್ನೊಮ್ಮೆ ಬೀಗ ಹಾಕಿ, ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬೆನ್ನೊತ್ತಿ ನಿಂತೆ.

ಆಗ ಮೇಲಿನ ಮನೆಯಿಂದ ನಿವೃತ್ತ ಮಾಸ್ಟ್ರ ದನಿ ಕೇಳಿತು: "ಈಗ ಲೈಟ್ ಹೊತ್ತಿತಾ?"

"ಇಲ್ಲ ಮಾರಾಯ್ರೆ, ಎಂತದೂ ಆಗ್ಲಿಲ್ಲ!" ಎಂದರು ಅವರ ಹೆಂಡತಿ.

ಮರುಕ್ಷಣವೇ ನನ್ನ ಬೆನ್ನ ಹಿಂದೆ ಮತ್ತೆ 'ಟಕ್'. ನಾನು ಕಿರುಚಿಕೊಂಡೆ.

ಮಾಸ್ಟ್ರು ಓಡಿ ಬಂದರು. ಮನೆಯ ಲೈಟನ್ನು ಕಂಪ್ಯೂಟರಿನಿಂದಲೇ ಹೊತ್ತಿಸಲು, ರಿಮೋಟ್ ಕಳಿಸುವಂಥ ರೇಡಿಯೊ ಕೋಡನ್ನು ಸಾಫ್ಟ್‌ವೇರಿನಲ್ಲಿ ಹಾಕಿ ಮತ್ತೆ ಮತ್ತೆ ಕಳಿಸಿ ನೋಡುತ್ತಿದ್ದರಂತೆ. ನಮ್ಮ ಬೀಗದ ಕೋಡೂ ಅದೇ ಆಗಿತ್ತು. ವಿಷಯ ತಿಳಿದಾಗ ಅವರ ಮುಖವೂ ಬಿಳಿಚಿಕೊಂಡಿತು.

ಅವರು ತಮ್ಮ ಲೈಟಿನ ಕೋಡ್ ಬದಲಿಸಿದರು. ನಾನು ಅಂದೇ ಒಳಗಿನಿಂದ ಕಬ್ಬಿಣದ ಚಿಲಕ ಹಾಕಿಸಿದೆ. ಮಾಸ್ಟ್ರಲ್ಲದೆ ಬೇರೆ ಯಾರಾದರೂ ಆಗಿದ್ದರೆ? ಈಗಲೂ ಬಟ್ಟೆ ಒಣಗಿಸಲು ಬಾಲ್ಕನಿಗೆ ಹೋಗುವಾಗ, ನಾನು ಮಗಳನ್ನು ಎತ್ತಿಕೊಂಡೇ ಹೋಗುತ್ತೇನೆ.