ಮಾವನವರು ಎತ್ತಿದ ನಾಲ್ಕು ಬೆರಳು

ಕೆಲಮಂಗಲದ ಹತ್ತಿರ ಹಳ್ಳಕ್ಕೆ ಒಂಟಿ ಕಮಾನಿನ ಸೇತುವೆ ಕಟ್ಟಿದವರು ನಮ್ಮ ಮಾವನವರು, ನನ್ನ ಗಂಡನ ತಂದೆ. ನಕ್ಷೆ ಬರೆದವರು ಮದರಾಸಿನಿಂದ ಬಂದ ಎಂಜಿನಿಯರು. ಅದನ್ನೂ ಹೇಳಬೇಕು, ಹೇಳಿದೆ, ಆದರೆ ಎರಡನೆಯದಾಗಿ.

ಕಾಗದದ ಮೇಲಿನ ಅಂಕಿ ಮಾವನವರಿಗೆ ತಿಳಿಯುತ್ತಿರಲಿಲ್ಲ. ಯಾವ ಕಮಾನೇ ಆಗಲಿ, ರಾಗಿ ಒಕ್ಕುವ ಕಣದಲ್ಲಿ ಅದರ ನಿಜವಾದ ಅಳತೆಗೇ ಬರೆದುಕೊಳ್ಳುವರು. ಆ ಗೆರೆಗೆ ತಕ್ಕಂತೆ ಮರದ ಅಚ್ಚು ಮಾಡಿಸಿ ಅದರ ಮೇಲೆ ಕಲ್ಲು ಕೂರಿಸುವರು. ಕಣ ಸಾರಿಸುವುದು ನನ್ನ ಪಾಲಿನ ಕೆಲಸ. ಈ ಸೇತುವೆಗೆ ಗೆರೆ ಹಾಕಿದ ದಿನ ಎಂಜಿನಿಯರು ಅಂಕಿ ಓದುತ್ತಾ ಹೋದರು, ಮಾವನವರು ಗೂಟಕ್ಕೆ ಹಗ್ಗ ಕಟ್ಟಿ ಸುಣ್ಣದಲ್ಲಿ ಗೆರೆ ಎಳೆದರು. ಎಂಜಿನಿಯರನ್ನು ಬೂಟುಗಾಲಲ್ಲಿ ಕಣಕ್ಕೆ ಇಳಿಯಲು ನಮ್ಮತ್ತೆ ಬಿಡಲಿಲ್ಲ. ಪುಣ್ಯಾತ್ಮ, ಮರುಮಾತಾಡದೆ ಬಿಚ್ಚಿಟ್ಟು ಬಂದರು.

ಅವರು ಹೋದ ಮೇಲೆ ಮಾವನವರು ಬಣವೆ ಹತ್ತಿ ಮೇಲಿನಿಂದ ನೋಡಿದರು. ನಡು ಕುಸಿದಂತೆ ಕಾಣುತ್ತದೆ ಎಂದರು. ಮನೆ ಬಾಗಿಲ ಮೇಲಿನ ಕಲ್ಲಿಗೂ ನಡುವೆ ಒಂದು ನೂಲಿನಷ್ಟು ಎತ್ತರ ಬಿಡುವುದು ಅವರ ವಂಶದ ಪದ್ಧತಿ. ಇಲ್ಲದಿದ್ದರೆ ನೆಟ್ಟಗಿರುವ ಕಲ್ಲೂ ಜೋತುಬಿದ್ದಂತೆ ಕಾಣುತ್ತದಂತೆ. ನನ್ನ ಕೈಯಿಂದಲೇ ಸುಣ್ಣ ಅಳಿಸಿ, ನಡುವೆ ನಾಲ್ಕು ಬೆರಳಿನಷ್ಟು ಎತ್ತಿ ಹೊಸ ಗೆರೆ ಎಳೆದರು. ಎಂಜಿನಿಯರಿಗೆ ಹೇಳಲಿಲ್ಲ. ನನಗೂ ಬಾಯಿ ಬಿಡಬೇಡ ಎಂದರು. ಬಿಡಲಿಲ್ಲ, ಅತ್ತೆಯ ಹತ್ತಿರವೂ.

ಸೇತುವೆ ಎದ್ದಿತು. ಅದನ್ನು ನೋಡುವುದಕ್ಕೆಂದೇ ಡೆಂಕಣಿಕೋಟೆಯ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಮಹಾಯುದ್ಧ ಮುಗಿದ ಮೇಲೆ ಹೊಸೂರಿನ ಶಾಲೆಯೊಂದರಲ್ಲಿ ಆ ಎಂಜಿನಿಯರ ಕಟ್ಟಡಗಳದೊಂದು ಪ್ರದರ್ಶನ ನಡೆಯಿತು. ಮಾವನವರಿಗೂ ಕರೆ ಬಂತು. ಅಂಚೆಟ್ಟಿ ದಾರಿಗೆ ಇನ್ನೊಂದು ಸೇತುವೆ ಆಗುವುದಿತ್ತು. ಅದನ್ನು ಯಾರಿಗೆ ಒಪ್ಪಿಸಬೇಕೆಂದು ಸೇಲಂನಿಂದ ಬರುವ ದೊಡ್ಡ ಅಧಿಕಾರಿ ಅಲ್ಲೇ ತೀರ್ಮಾನಿಸುವರಂತೆ. ಸಾಯುವುದರೊಳಗೆ ಅಂಥದ್ದು ಇನ್ನೊಂದು ಕಟ್ಟಬೇಕೆಂಬುದು ಮಾವನವರ ಆಸೆ.

ನಾನೂ ಜೊತೆಗೆ ಹೋದೆ. ಗೋಡೆ ತುಂಬ ಪಟಗಳು. ಆನೆಯ ಕಾಲಿನಂಥ ಕಂಬಗಳ ಮೇಲೆ ನಿಂತ ನೀರಿನ ತೊಟ್ಟಿ, ಬಾಳೆಲೆಯಂತೆ ಬಾಗಿದ ಮಾಡಿನ ಸಂತೆ ಮಳಿಗೆ. ಮನುಷ್ಯ ಗಟ್ಟಿಗ ಎಂದು ಒಪ್ಪಿಕೊಂಡೆ. ನಡುವೆ ಮೇಜಿನ ಮೇಲೆ ನಮ್ಮ ಸೇತುವೆಯ ಮಾದರಿ, ಬೆಳ್ಳಗೆ, ಗಾರೆಯಲ್ಲಿ ಮಾಡಿದ್ದು. ಯಾರೋ ಹೆಣ್ಣುಮಗಳು ಆಗಲೇ ಅದಕ್ಕೆ ಕುಂಕುಮ ಇಟ್ಟು ಹೋಗಿದ್ದಳು.

ಅಧಿಕಾರಿ ತಮಿಳಿನಲ್ಲಿ ಕೇಳಿದರು, ನೀನು ಕಟ್ಟಿದ್ದು ಹೀಗೆಯೇ ಇದೆಯೇ ಎಂದು. ಹೌದು ಎಂದರೆ ಮುಗಿಯಿತು. ಹೌದನ್ನಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮಾವನವರು ಮೇಜನ್ನು ಒಂದು ಸುತ್ತು ಬಂದರು, ಬಗ್ಗಿ ನೋಡಿದರು.

“ಇಲ್ಲ ಸ್ವಾಮಿ. ಸೇತ್ವೆ ನಡುವೆ ನಾಕು ಬೆಳ್ಳು ಮೇಲೈತೆ. ನಾನೇ ಎತ್ತಿದ್ದು. ಯಾರ್ಗೂ ಹೇಳ್ನಿಲ್ಲ.”

ಅಧಿಕಾರಿಯ ಮುಖ ಬಿಗಿಯಿತು. ಯಾರ ಅಪ್ಪಣೆಯಿಂದ ಎತ್ತಿದೆ ಎಂದು ಗದರಿದರು. ಮಾವನವರು ತಲೆ ತಗ್ಗಿಸಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಸತ್ಯಕ್ಕೆ ಈ ದಿನವೇ ಬೇಕಿತ್ತೇ? ಆದರೆ ಆ ಸಿಟ್ಟಿನ ಜೊತೆಗೇ ನನ್ನ ಬೆನ್ನೂ ನೆಟ್ಟಗಾಗಿತ್ತು, ಈತ ನಮ್ಮ ಮಾವ ಎಂದು.

ಎಂಜಿನಿಯರು ನಕ್ಕರು. ಅಚ್ಚು ಬಿಚ್ಚಿದ ದಿನವೇ ಅಳೆದು ನೋಡಿದ್ದೆ ಎಂದು ಅಧಿಕಾರಿಗೆ ಹೇಳಿದರು. ಆಮೇಲೆ ಅಂಚೆಟ್ಟಿ ಸೇತುವೆಯ ನಕ್ಷೆ ಬಿಡಿಸಿ, ಕಮಾನಿನ ನಡುವೆ ಬೆರಳಿಟ್ಟರು.

“ಮೇಸ್ತ್ರಿ, ಇಲ್ಲಿ ನಾನೇ ನಾಲ್ಕು ಬೆರಳು ಎತ್ತಿದ್ದೇನೆ. ಸಾಕಾ?”

ಮಾವನವರು ನಕ್ಷೆಯ ಮೇಲೆ ಬಗ್ಗಿದರು. ಅಂಕಿ ಬಾರದಿದ್ದರೇನು, ಗೆರೆ ಕಾಣುತ್ತದಲ್ಲ. ಅಧಿಕಾರಿಗೆಂದು ಹಾಕಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತು, ಕಾಗದವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಅವರು ನೋಡಿ ಮುಗಿಸುವವರೆಗೂ ಅಧಿಕಾರಿ ನಿಂತೇ ಇದ್ದರು.