ಅಮೆರಿಕದಲ್ಲಿ ಉಳಿದ ನಮ್ಮ ಯಂತ್ರ

ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುತ್ತಿದ್ದುದು ಹನ್ನೆರಡು ಜನರ ಸಣ್ಣ ಕಾರ್ಖಾನೆಯಲ್ಲಿ. ಮಾಲೀಕರು ನಮ್ಮ ಬೀದರ್ ಕಡೆಯವರೇ. ಓಝರಿನ ವಿಮಾನ ಕಾರ್ಖಾನೆಗೆ ಒತ್ತಡ ಅಳೆಯುವ ಮಾಪಕಗಳನ್ನು ಮಾಡಿಕೊಡುತ್ತಿದ್ದೆವು. ಪ್ರತಿಯೊಂದನ್ನೂ ಅಮೆರಿಕದ ಒಂದು ಯಂತ್ರದಲ್ಲಿ ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಆರು ವರ್ಷ ಆ ಯಂತ್ರವನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ತೊಂಬತ್ತೆಂಟರ ಮಾರ್ಚಿನಲ್ಲಿ ಅದು ತಪ್ಪು ಅಳತೆ ತೋರಿಸತೊಡಗಿತು. ಅಮೆರಿಕಕ್ಕೆ, ತಯಾರಿಸಿದವರಿಗೇ ರಿಪೇರಿಗೆ ಕಳಿಸಿದೆವು. ಮೇ ತಿಂಗಳಲ್ಲಿ ನಮ್ಮ ದೇಶ ಅಣುಬಾಂಬ್ ಪರೀಕ್ಷೆ ನಡೆಸಿತು. ಕಾರ್ಖಾನೆಯಲ್ಲಿ ಪೇಢೆ ಹಂಚಿದರು. ನಾನೂ ಎರಡು ತಿಂದೆ. ಅಮೆರಿಕ ನಿರ್ಬಂಧ ಹೇರಿದೆ ಎಂಬ ಸುದ್ದಿ ಬಂದಾಗ, ಅದು ದಿಲ್ಲಿಯವರ ತಲೆನೋವು ಅಂದುಕೊಂಡೆ.

ವರ್ಷದ ಕೊನೆಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅಮೆರಿಕದ ತಂತ್ರಜ್ಞರಿಂದ ಫ್ಯಾಕ್ಸ್ ಬಂತು. ಅವರನ್ನು ನಾನು ನೋಡಿರಲಿಲ್ಲ, ಫ್ಯಾಕ್ಸಿನಲ್ಲೇ ಪರಿಚಯ. 'ಯಂತ್ರ ರಿಪೇರಿಯಾಗಿ ನನ್ನ ಮೇಜಿನ ಮೇಲಿದೆ. ವಿಮಾನದ ಕೆಲಸ ಮಾಡುವವರಿಗೆ ಕಳಿಸಲು ನಮ್ಮ ಸರ್ಕಾರ ಪರವಾನಗಿ ಕೊಡುತ್ತಿಲ್ಲ. ಕ್ಷಮಿಸಿ' ಎಂದು ಬರೆದಿದ್ದರು.

ಮಾಲೀಕರಿಗೆ ಓದಿ ಹೇಳಿದೆ.

"ನಮ್ಮದೇ ಮಷೀನ್ ಅಲ್ರೀ ಅದು? ರಿಪೇರಿಗಿ ಕಳಿಸಿದ್ದು ಅಷ್ಟೇ!"

"ಹೌದ್ರಿ."

"ಮತ್ತ ಅವರು ಇಟ್ಕೊಂಡು ಕೂತ್ರ ನಾವೇನ್ ಮಾಡಬೇಕ್ರಿ?"

ಮುಂಬಯಿ, ದಿಲ್ಲಿಯ ಸರ್ಕಾರಿ ಕಚೇರಿಗಳಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಪರೀಕ್ಷೆಯಾಗದ ಮಾಪಕಗಳ ಪೆಟ್ಟಿಗೆಗಳು ಗೋಡೆಗುಂಟ ಏರುತ್ತ ಹೋದವು. ಒಂದು ದಿನ ಮಾಲೀಕರು ನನ್ನ ಮೇಜಿನ ಬಳಿ ಬಂದು ನಿಂತರು.

"ಅಂದಾಜಿನ ಮ್ಯಾಲ ಸಹಿ ಹಾಕ್ರಿ ಅಕ್ಕಾರ. ಇಷ್ಟು ವರ್ಷ ನೋಡೀರಿ, ನಿಮ್ಮ ಕೈಗೇ ಗೊತ್ತಾಗ್ತದ."

"ವಿಮಾನದಾಗ ಹೋಗೋ ಸಾಮಾನ್ ಅದ ರೀ. ನನ್ನಿಂದ ಆಗಲ್ರಿ."

ಅವರು ಒತ್ತಾಯಿಸಲಿಲ್ಲ. ಆರ್ಡರ್ ಬೇರೆಯವರಿಗೆ ಹೋಯಿತು. ಏಳು ಜನ ಕೆಲಸ ಕಳೆದುಕೊಂಡರು. ಅವರನ್ನು ಬೀಳ್ಕೊಡುವಾಗ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ತಪ್ಪು ನನ್ನದೋ, ಬೇರೆ ಯಾರದೋ ಎಂದು ಯೋಚಿಸಲು ಹೊರಟರೆ ತಲೆ ಸುಮ್ಮನೆ ಜೋಮು ಹಿಡಿಯುತ್ತಿತ್ತು.

ಬ್ಯಾಂಕಿನಲ್ಲಿದ್ದ ಗಂಡನಿಗೆ ಇಂದಿನ ಸಂಭಾಜಿನಗರಕ್ಕೆ ವರ್ಗವಾಯಿತು. ನಾನೂ ಹೊರಟೆ. ಅಲ್ಲಿ ಸ್ಕೂಟರ್ ಹಾರ್ನ್ ತಯಾರಿಸುವ ಕಡೆ ಅವನ್ನು ಪರೀಕ್ಷಿಸುವ ಕೆಲಸ ಸಿಕ್ಕಿತು.

ತೊಂಬತ್ತೊಂಬತ್ತರ ಡಿಸೆಂಬರಿನಲ್ಲಿ ನಾಸಿಕದ ಮಾಲೀಕರ ಫೋನ್. ನಮ್ಮಂಥ ಕೆಲವು ಕಂಪನಿಗಳ ಮೇಲಿನ ಅಮೆರಿಕದ ನಿರ್ಬಂಧ ಸಡಿಲಾಗಿತ್ತು.

"ಮಷೀನ್ ಬಿಡ್ತಾರಂತ್ರಿ."

"ಆರ್ಡರ್?"

"ಅದು ಹೋಯ್ತಲ್ರಿ ಇನ್ನ."

ಆಮೇಲೆ ಅವರು ನನ್ನ ಮಗಳ ಓದಿನ ಬಗ್ಗೆ ಕೇಳಿದರು, ಹೇಳಿದೆ. ಮರುದಿನ ಬೆಳಿಗ್ಗೆ ಕಿವಿಗೆ ಹತ್ತಿ ತುರುಕಿಕೊಂಡು, ಒಂದಾದ ಮೇಲೊಂದು ಹಾರ್ನ್ ಒತ್ತಿ ನೋಡುತ್ತ ಕೂತೆ.